ಅಡಿಕೆ ಮಂಡಿಯ ನೆಟ್‌ವರ್ಕ್‌ಗೆ ಬೇಲಿ ಹಾಕಿದ ಆರು ಶನಿವಾರ

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಶಿರಸಿಯಿಂದ ಫೋನ್ ಬಂತು. ಪರಿಚಯದವರ ಅಡಿಕೆ ಮಂಡಿ. "ಟ್ಯಾಲಿ ತೆರೆಯುತ್ತಾ ಇಲ್ಲ. ಫೈಲುಗಳ ಹೆಸರೆಲ್ಲ ಏನೇನೋ ಆಗಿದೆ" ಅಂದರು. ಟ್ಯಾಲಿ ಅಂದರೆ ಅವರು ಲೆಕ್ಕ ಬರೆಯುವ ಸಾಫ್ಟ್‌ವೇರ್. ಫೋಟೊ ಕಳಿಸಿ ಅಂದೆ. ಪರದೆಯ ಮೇಲೆ ಒಂದು ಟೆಕ್ಸ್ಟ್ ಫೈಲು ತೆರೆದುಕೊಂಡಿತ್ತು. ನಿಮ್ಮ ಡೇಟಾಕ್ಕೆ ಬೀಗ ಹಾಕಿದ್ದೇವೆ, ಬಿಟ್‌ಕಾಯಿನ್ ಕೊಟ್ಟರೆ ಕೀಲಿ ಕೊಡುತ್ತೇವೆ ಅಂತ ಅದರ ಸಾರ. ರ್‍ಯಾನ್ಸಮ್‌ವೇರ್.

"ಎಲ್ಲಾ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ಕಂಪ್ಯೂಟರ್ ಮಾತ್ರ ಆಫ್ ಮಾಡಬೇಡಿ" ಅಂತ ಹೇಳಿ ಹುಬ್ಬಳ್ಳಿಯಿಂದ ಬಸ್ಸು ಹತ್ತಿದೆ.

ನನ್ನ ಕೆಲಸ ನೆಟ್‌ವರ್ಕ್. ಕೇಬಲ್ ಎಳೆಯುವುದು, ರೂಟರ್ ಕೂರಿಸುವುದು, ವೈಫೈ ಸರಿಮಾಡುವುದು. ಒಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ಆದರೆ ಭದ್ರತೆಯನ್ನು ಕೂತು ಯೋಚಿಸಿ, ಕಾಗದದ ಮೇಲೆ ಬರೆದು, ಆಮೇಲೆ ಕೈ ಹಾಕಿದ್ದು ಇದೇ ಮೊದಲು. ಆರು ಶನಿವಾರ ಹಿಡಿಯಿತು. ಕಲಿತದ್ದನ್ನು ಆದ ಹಾಗೆಯೇ ಬರೆಯುತ್ತಿದ್ದೇನೆ, ಸಣ್ಣ ಊರುಗಳ ಇಂಥ ಕಚೇರಿಗಳನ್ನು ನೋಡಿಕೊಳ್ಳುವವರಿಗೆ ಉಪಯೋಗ ಆದೀತು ಅಂತ.

ಮೊದಲು ಬೆಂಕಿ ಆರಿಸಿದ್ದು

ಟ್ಯಾಲಿ ಇದ್ದ ಕಂಪ್ಯೂಟರಿನಲ್ಲಿ ಈವೆಂಟ್ ವ್ಯೂವರ್ ತೆರೆದೆ. ಕಂಪ್ಯೂಟರಿನಲ್ಲಿ ನಡೆದದ್ದರ ದಾಖಲೆ, ಅಂದರೆ ಲಾಗ್, ಅಲ್ಲಿ ಸಿಗುತ್ತದೆ. ಸೆಕ್ಯುರಿಟಿ ಲಾಗಿನಲ್ಲಿ 4625 ಅನ್ನುವ ಸಂಖ್ಯೆ ಪುಟಗಟ್ಟಲೆ ಇತ್ತು. ಯಾರೋ ಲಾಗಿನ್ ಆಗಲು ನೋಡಿ ಸೋತರೆ ವಿಂಡೋಸ್ ಆ ಸಂಖ್ಯೆ ಬರೆಯುತ್ತದೆ. ಶನಿವಾರ ಮಧ್ಯಾಹ್ನದಿಂದ ನಿಮಿಷಕ್ಕೆ ಎಂಟು ಹತ್ತರಂತೆ ಒಂದೇ ಸಮನೆ ಬಡಿದಿದ್ದರು. ಭಾನುವಾರ ನಸುಕಿನ 2:47ಕ್ಕೆ ಒಂದು 4624. ಅಂದರೆ ಪಾಸ್‌ವರ್ಡ್ ಸರಿಹೋಯಿತು, ಒಳಗೆ ಬಂದರು.

ಬಾಗಿಲು ಯಾವುದು ಅಂತ ಹುಡುಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಲೆಕ್ಕ ಬರೆಯುವವರು ರಾತ್ರಿ ಮನೆಯಿಂದ ಕೆಲಸ ಮಾಡಲಿ ಅಂತ ಯಾರೋ ರೂಟರಿನಲ್ಲಿ 3389 ಪೋರ್ಟನ್ನು ನೇರ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದರು. ಅದು ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಬಾಗಿಲು. ಪಾಸ್‌ವರ್ಡ್ ಮಂಡಿಯ ಹೆಸರು, ಪಕ್ಕದಲ್ಲಿ 123.

ಬ್ಯಾಕಪ್ ಇದೆ ಅಂತ ಎಲ್ಲರೂ ನಂಬಿದ್ದರು. ಇತ್ತು ಕೂಡ. ಒಂದು ಪ್ರತಿ ಅದೇ ಕಂಪ್ಯೂಟರಿನ ಡಿ ಡ್ರೈವಿನಲ್ಲಿ, ಇನ್ನೊಂದು ಸದಾ ಚುಚ್ಚಿಯೇ ಇದ್ದ ಯುಎಸ್‌ಬಿ ಡಿಸ್ಕಿನಲ್ಲಿ. ಎರಡಕ್ಕೂ ಬೀಗ ಬಿದ್ದಿತ್ತು. ಉಳಿದದ್ದು ಲೆಕ್ಕದವರ ಬ್ಯಾಗಿನಲ್ಲಿದ್ದ ಒಂದು ಪೆನ್‌ಡ್ರೈವ್, 23 ದಿನ ಹಳೆಯದು. ಆ 23 ದಿನಗಳ ಸಾವಿರಕ್ಕೂ ಹೆಚ್ಚು ಪಟ್ಟಿಗಳನ್ನು, ಅಂದರೆ ಬಿಲ್ಲುಗಳನ್ನು, ಬಿಲ್ಲಿಂಗ್ ಅಕ್ಕ ಕಾರ್ಬನ್ ಪ್ರತಿ ನೋಡಿಕೊಂಡು ಮತ್ತೆ ಟೈಪ್ ಮಾಡಿದರು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಹೀಗೆ ಅಡಿಕೆಯ ಒಂದೊಂದು ಬಗೆಗೂ ಬೇರೆ ದರ, ಬೇರೆ ತೂಕ. ಹನ್ನೊಂದು ದಿನ ಬೇಕಾಯಿತು. ಕೊನೆಯ ದಿನ ಅವರ ಬಲಗೈ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿತ್ತು. ಮುಂದಿನದೆಲ್ಲ ಮಾಡುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಕೈಯೇ.

ದುಡ್ಡು ಕೊಡಲಿಲ್ಲ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೂ ಬರೆದೆವು. 2022ರ ಏಪ್ರಿಲ್ 28ರ ಅವರ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ ಆರು ತಾಸಿನೊಳಗೆ ತಿಳಿಸಬೇಕು, ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕು. ನಾನೇ ಇದನ್ನು ಅವತ್ತು ಬಸ್ಸಿನಲ್ಲಿ ಕೂತು ಓದಿದ್ದು. ನೋ ಮೋರ್ ರ್‍ಯಾನ್ಸಮ್ ಅಂತ ಯೂರೋಪೋಲ್ ಮತ್ತು ಡಚ್ ಪೊಲೀಸರು ಇತರರ ಜೊತೆ ಸೇರಿ 2016ರಲ್ಲಿ ಶುರುಮಾಡಿದ ತಾಣವಿದೆ, ಕೆಲವು ಬೀಗಗಳಿಗೆ ಅಲ್ಲಿ ಪುಕ್ಕಟೆ ಕೀಲಿ ಸಿಗುತ್ತದೆ. ನಮ್ಮದಕ್ಕೆ ಇರಲಿಲ್ಲ. ಮುಂದೆ ಬಂದರೂ ಬರಬಹುದು ಅಂತ ಆ ಡಿಸ್ಕನ್ನು ಬಿಚ್ಚಿ, ಮೇಲೆ ಚೀಟಿ ಅಂಟಿಸಿ, ಕಪಾಟಿನಲ್ಲಿ ಇಟ್ಟಿದ್ದೇವೆ. ಹೊಸ ಡಿಸ್ಕಿಗೆ ವಿಂಡೋಸ್ ಮೊದಲಿನಿಂದ ಹಾಕಿದೆ. 3389 ಅವತ್ತೇ ಮುಚ್ಚಿದೆ.

ಮೊದಲ ಶನಿವಾರ: ಎಣಿಕೆ

ಆ ಮಂಡಿಯಲ್ಲಿ ಶನಿವಾರ ಮಧ್ಯಾಹ್ನದ ಮೇಲೆ ವ್ಯಾಪಾರ ಇರುವುದಿಲ್ಲ. ಹಾಗಾಗಿ ಶನಿವಾರವೇ ನನ್ನ ದಿನ.

ಎಲ್ಲಿಂದ ಶುರುಮಾಡಬೇಕು ಅಂತ ಗೊತ್ತಾಗದೆ ಸಿಐಎಸ್ ಕಂಟ್ರೋಲ್ಸ್ ಅನ್ನುವ ಭದ್ರತಾ ಕೆಲಸಗಳ ಪಟ್ಟಿ ಓದಿದೆ. ಒಟ್ಟು 18 ವಿಭಾಗ ಇವೆ. ಸಣ್ಣ ಸಂಸ್ಥೆಗಳಿಗೆ ಅಂತ ಅದರಿಂದ 56 ಕೆಲಸಗಳನ್ನು ಆರಿಸಿ ಕೊಟ್ಟಿದ್ದಾರೆ. ಮೊದಲನೆಯದು ಫೈರ್‌ವಾಲ್, ಅಂದರೆ ನೆಟ್‌ವರ್ಕಿನ ಒಳಗೆ ಹೊರಗೆ ಏನು ಹೋಗಬೇಕು ಅಂತ ನೋಡುವ ಕಾವಲು, ಇರುತ್ತದೆ ಅಂದುಕೊಂಡಿದ್ದೆ. ಅಲ್ಲ. ನಿಮ್ಮ ನೆಟ್‌ವರ್ಕಿನಲ್ಲಿ ಏನೇನು ಇದೆ ಅಂತ ಎಣಿಸಿ, ಅದೇ ಮೊದಲನೆಯದು.

"ಎಷ್ಟು ಕಂಪ್ಯೂಟರ್ ಇದೆ?" ಅಂತ ಮಾಲೀಕರನ್ನು ಕೇಳಿದೆ. "ಎಂಟು" ಅಂದರು. ಎಲ್ಲರ ಫೋನು ವೈಫೈಗೆ ಸೇರಿರುವ ಹೊತ್ತು ನೋಡಿ ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕಿನ ಯಂತ್ರಗಳನ್ನು ಹುಡುಕುವ ಎನ್‌ಮ್ಯಾಪ್ ಓಡಿಸಿದೆ. 27 ವಿಳಾಸ ಬಂತು.

ಎಂಟು ಕಂಪ್ಯೂಟರ್ ಸರಿ. ಕ್ಯಾಮೆರಾದ ರೆಕಾರ್ಡರ್ ಒಂದು. ಪ್ರಿಂಟರ್ ಎರಡು. ಬೆರಳೊತ್ತುವ ಹಾಜರಿ ಯಂತ್ರ. ದರ ತೋರಿಸುವ ಟಿವಿ. ಫೋನುಗಳು ಹನ್ನೆರಡು. ರೂಟರ್. ಒಟ್ಟು ಇಪ್ಪತ್ತಾರು. ಪ್ರತಿಯೊಂದನ್ನೂ ಹೋಗಿ ಮುಟ್ಟಿ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಯಂತ್ರದ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸದ ಮೊದಲ ಅರ್ಧ ಸಾಮಾನ್ಯವಾಗಿ ತಯಾರಕರು ಯಾರು ಅಂತ ಹೇಳುತ್ತದೆ, ಅದು ಬಹಳ ಸಹಾಯ.

192.168.1.43 ಮಾತ್ರ ಸಿಗಲಿಲ್ಲ. ಪಿಂಗ್ ಮಾಡಿದರೆ, ಅಂದರೆ ಇದ್ದೀಯಾ ಅಂತ ಕೇಳಿದರೆ, ಉತ್ತರ ಕೊಡುತ್ತಿತ್ತು. ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಒಂದೂವರೆ ತಾಸು ಹುಡುಕಿದೆ. ಕೊನೆಗೆ ಫೋನಿನಲ್ಲಿ ವೈಫೈ ಸಿಗ್ನಲ್ ಅಳೆಯುವ ಆ್ಯಪ್ ಹಾಕಿಕೊಂಡು ಗೋದಾಮಿನ ಒಳಗೆ ನಡೆದೆ. ಹಿಂಭಾಗದ ಗೋಡೆ ಹತ್ತಿರ ಬಂದಂತೆ ಸಿಗ್ನಲ್ ಏರಿತು. ಏಣಿ ಹಾಕಿ ಅಟ್ಟದ ಹಲಗೆ ಮೇಲಿದ್ದ ಹಳೆ ಗೋಣಿಚೀಲ ಸರಿಸಿದರೆ ಜೇಡರ ಬಲೆ ನಡುವೆ ಒಂದು ಹಸಿರು ದೀಪ ಮಿನುಗುತ್ತಿತ್ತು. ವೈಫೈ ರಿಪೀಟರ್. ಯಾವತ್ತೋ ಯಾರೋ ಗೋದಾಮಿನಲ್ಲಿ ಫೋನ್ ನೋಡಲು ಹಾಕಿದ್ದು. ಅದಕ್ಕೆ ಪಾಸ್‌ವರ್ಡೇ ಇರಲಿಲ್ಲ.

ಕೆಳಗಿಳಿದು ಹಿಂದಿನ ರಸ್ತೆಗೆ ಹೋದೆ. ರಸ್ತೆ ಬದಿಯ ಮರದ ಕೆಳಗೆ ನಿಂತು ನನ್ನ ಫೋನಿನಿಂದ ಟ್ಯಾಲಿ ಕಂಪ್ಯೂಟರನ್ನು ಪಿಂಗ್ ಮಾಡಿದೆ. ಉತ್ತರ ಬಂತು. ಯಾರು ಬೇಕಾದರೂ ಅಲ್ಲಿ ನಿಂತು ಒಳಗೆ ಕೈ ಹಾಕಬಹುದಿತ್ತು. ಎಷ್ಟು ಒಳ್ಳೆಯ ಫೈರ್‌ವಾಲ್ ತಂದು ಮುಂಬಾಗಿಲಿಗೆ ಕೂರಿಸಿದ್ದರೂ ಈ ಹಿತ್ತಿಲ ಬಾಗಿಲು ಹಾಗೇ ಇರುತ್ತಿತ್ತು ಅಲ್ವಾ? ಅವತ್ತಿಂದ ಎಣಿಕೆ ಮುಗಿಯದೆ ನಾನು ಏನನ್ನೂ ಕೊಳ್ಳಲು ಹೇಳುವುದಿಲ್ಲ.

ರೂಟರಿನಲ್ಲಿ ಇನ್ನೂ ಒಂದು ಕಂಡಿತು. ಯುಪಿಎನ್‌ಪಿ ಆನ್ ಇತ್ತು. ಕ್ಯಾಮೆರಾ ರೆಕಾರ್ಡರ್ ತಾನೇ ರೂಟರನ್ನು ಕೇಳಿ ಎರಡು ಪೋರ್ಟ್ ತೆರೆಸಿಕೊಂಡಿತ್ತು. ಅದರ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಹಬ್ಬಿದ್ದು ಸರಿಯಾಗಿ ಹೀಗೆಯೇ. ಕಾರ್ಖಾನೆಯ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ ಹಿಡಿದುಕೊಂಡು ಅದು ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್‌ಗಳ ಒಳಗೆ ಹೋಯಿತು. ಆ ವರ್ಷ ಅಕ್ಟೋಬರ್ 21ರಂದು ಡೈನ್ ಅನ್ನುವ, ತಾಣಗಳ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕಂಪನಿಯ ಮೇಲೆ ಬಿದ್ದು ದೊಡ್ಡ ದೊಡ್ಡ ತಾಣಗಳನ್ನು ತಾಸುಗಟ್ಟಲೆ ನಿಲ್ಲಿಸಿತು. ಪಾಸ್‌ವರ್ಡ್ ಬದಲಿಸಿ, ಯುಪಿಎನ್‌ಪಿ ಆಫ್ ಮಾಡಿ ಮನೆಗೆ ಹೊರಟೆ.

ಎರಡನೇ ಶನಿವಾರ: ಕ್ಯಾಲೆಂಡರ್ ಹಿಂದಿನ ನಕ್ಷೆ

ಅವತ್ತು ಒಂದು ವೈರೂ ಮುಟ್ಟಲಿಲ್ಲ. ಒಬ್ಬೊಬ್ಬರ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ನೀವು ಕೆಲಸ ಹೇಗೆ ಮಾಡುತ್ತೀರಿ ಅಂತ ಕೇಳಿದೆ, ಅಷ್ಟೇ.

ಈ ಒಂದು ದಿನಕ್ಕೆ ಉಳಿದ ಐದು ಶನಿವಾರದಷ್ಟು ಬೆಲೆ ಇದೆ ಅಂತ ನನಗೆ ಈಗ ಅನಿಸುತ್ತದೆ. ಲೆಕ್ಕದವರು ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅನ್ನುವ ಜಿಎಸ್‌ಟಿ ವಿವರ ಸಲ್ಲಿಸಬೇಕು. ಅದಕ್ಕೆ ಮುಂಚಿನ ಎರಡು ರಾತ್ರಿ ಮನೆಯಿಂದ ಕೆಲಸ. ಹಾಗಾದರೆ ಆ ದಿನಗಳ ಹತ್ತಿರ ನಾನು ಏನನ್ನೂ ಬದಲಿಸಬಾರದು. ಮಾಲೀಕರು ರಾತ್ರಿ ಮಲಗುವ ಮೊದಲು ಫೋನಿನಲ್ಲಿ ಗೋದಾಮಿನ ಕ್ಯಾಮೆರಾ ನೋಡುತ್ತಾರೆ. ಅದು ನಿಂತರೆ ಅವರಿಗೆ ನಿದ್ದೆ ಬರುವುದಿಲ್ಲ. ಬೆಂಚಿನ ಮೇಲೆ ಕಾಯುವ ರೈತರು ವೈಫೈ ಕೇಳುತ್ತಾರೆ, ಇಲ್ಲ ಅನ್ನಲು ಮನಸ್ಸಿಲ್ಲ.

ಆಮೇಲೆ ಮಾಲೀಕರಿಗೆ ಒಂದು ಪ್ರಶ್ನೆ ಕೇಳಿದೆ. ಯಾವುದು ನಿಂತರೆ ಎಷ್ಟು ಹೊತ್ತು ತಡೆಯಬಹುದು? ಟ್ಯಾಲಿ ಅಂತಾರೆ ಅಂದುಕೊಂಡಿದ್ದೆ. ಅವರು ತಕ್ಷಣ ಹೇಳಿದ್ದು ಬೇರೆ. "ಟ್ಯಾಲಿ ಒಂದು ದಿನ ನಿಂತರೂ ಕೈಯಲ್ಲಿ ಪಟ್ಟಿ ಬರೀತೇವೆ ಮಾರಾಯ. ತೂಕ ಅರ್ಧ ತಾಸು ನಿಂತರೆ ಅಂಗಳದಲ್ಲಿ ಗಾಡಿ ಸಾಲು ನಿಲ್ತದೆ. ರೈತ ಬೇರೆ ಮಂಡಿಗೆ ಹೋಗ್ತಾನೆ." ನಾನು ಮನಸ್ಸಿನಲ್ಲಿ ಹಾಕಿಕೊಂಡಿದ್ದ ಯೋಜನೆ ತಲೆಕೆಳಗಾಯಿತು. ತೂಕದ ಕಂಪ್ಯೂಟರ್ ನನ್ನ ಪಟ್ಟಿಯಲ್ಲಿ ಕೊನೆಗಿತ್ತು.

ಅಮೆರಿಕದ ನಿಸ್ಟ್ ಸಂಸ್ಥೆಯ ಸೈಬರ್ ಭದ್ರತೆಯ ಚೌಕಟ್ಟಿನಲ್ಲಿ ಐದು ಮಾತುಗಳಿದ್ದವು. ಗುರುತಿಸು, ಕಾಪಾಡು, ಪತ್ತೆ ಹಚ್ಚು, ಸ್ಪಂದಿಸು, ಚೇತರಿಸಿಕೋ. 2024ರ ಫೆಬ್ರವರಿಯಲ್ಲಿ ಆರನೆಯದು ಸೇರಿತು, ಇದನ್ನೆಲ್ಲ ಯಾರು ನಿರ್ಧರಿಸುತ್ತಾರೆ, ಯಾರ ಹೊಣೆ ಅನ್ನುವ ಆಡಳಿತದ ಮಾತು. ಇಷ್ಟು ವರ್ಷ ನಾನು ಗಿರಾಕಿಗಳ ದುಡ್ಡನ್ನೆಲ್ಲ 'ಕಾಪಾಡು' ಒಂದಕ್ಕೇ ಸುರಿಸಿದ್ದೆ. ಹೀಗಾಗಿ ಈ ಸಲ ಕ್ಯಾಲೆಂಡರ್ ಹಾಳೆಯ ಹಿಂಭಾಗದಲ್ಲಿ ಆರು ಸಾಲು ಎಳೆದು, ಪ್ರತಿಯೊಂದರಲ್ಲೂ ಒಂದಾದರೂ ಕೆಲಸ ಬರೆದೆ. ಪಕ್ಕದಲ್ಲಿ ಯಾರ ಹೆಸರು ಅಂತಲೂ ಬರೆದೆ.

ಅದೇ ಹಾಳೆಯ ಕೆಳಗೆ ಒಂದು ಚೌಕಳಿ. ಎಡಗಡೆ ಯಂತ್ರಗಳು, ಮೇಲೂ ಅವೇ ಯಂತ್ರಗಳು. ಯಾವುದು ಯಾವುದರ ಜೊತೆ ಮಾತಾಡಲೇಬೇಕೋ ಅಲ್ಲಿ ಮಾತ್ರ ಗುರುತು. ಹಾಜರಿ ಯಂತ್ರಕ್ಕೂ ಟಿವಿಗೂ ಏನು ಸಂಬಂಧ? ರೈತರ ಫೋನಿಗೂ ಪ್ರಿಂಟರಿಗೂ? ಹಾಳೆ ಬಹುಪಾಲು ಖಾಲಿಯೇ ಉಳಿಯಿತು. ಮುಂದೆ ಫೈರ್‌ವಾಲಿನಲ್ಲಿ ಬರೆದ ನಿಯಮಗಳೆಲ್ಲ ಆ ಹಾಳೆಯ ನಕಲು.

ಮೂರು ಮತ್ತು ನಾಲ್ಕನೇ ಶನಿವಾರ: ಗೋಡೆ

ಸಾಮಾನು: ನಾಲ್ಕು ನೆಟ್‌ವರ್ಕ್ ಪೋರ್ಟ್ (ಇಲ್ಲಿ ಪೋರ್ಟ್ ಅಂದರೆ ಕೇಬಲ್ ಚುಚ್ಚುವ ಜಾಗ) ಇರುವ ಹಳೆಯ ಮಿನಿ ಪಿಸಿ 14,000 ರೂಪಾಯಿ. ಕೇಬಲ್‌ಗಳನ್ನೆಲ್ಲ ಒಂದೆಡೆ ಸೇರಿಸುವ, ಸೆಟ್ಟಿಂಗ್ ಬದಲಿಸಬಹುದಾದ 16 ಪೋರ್ಟಿನ ಮ್ಯಾನೇಜ್ಡ್ ಸ್ವಿಚ್ 6,500. ಬೇರೆ ಬೇರೆ ಹೆಸರಿನ ವೈಫೈ ಕೊಡಬಲ್ಲ ಆ್ಯಕ್ಸೆಸ್ ಪಾಯಿಂಟ್ 6,000. ಎರಡು ಯುಎಸ್‌ಬಿ ಡಿಸ್ಕ್ 11,000. ಮಿನಿ ಪಿಸಿಗೆ ಒಪಿಎನ್‌ಸೆನ್ಸ್ ಹಾಕಿದೆ. 2015ರಲ್ಲಿ ಪಿಎಫ್‌ಸೆನ್ಸ್ ಅನ್ನುವ ಇನ್ನೊಂದು ಫೈರ್‌ವಾಲಿನಿಂದ ಕವಲೊಡೆದು ಬಂದ ಪುಕ್ಕಟೆ ಫೈರ್‌ವಾಲ್ ಅದು. ಇಂಟರ್ನೆಟ್ ಕಂಪನಿಯ ಪೆಟ್ಟಿಗೆಯನ್ನು ಬ್ರಿಡ್ಜ್ ಮಾಡಿಸಿ, ಅಂದರೆ ಬರೀ ದಾಟಿಸುವ ಕೆಲಸಕ್ಕೆ ಇಳಿಸಿ, ಇಂಟರ್ನೆಟ್ ಸಂಪರ್ಕದ (ಪಿಪಿಪಿಒಇ) ಹೆಸರು ಪಾಸ್‌ವರ್ಡ್ ಇದರಲ್ಲೇ ಕೊಟ್ಟೆ.

ವಿಎಲ್‌ಎಎನ್ ಅಂದರೆ ಒಂದೇ ಸ್ವಿಚ್ಚಿನೊಳಗೆ ಕಾಣದ ಗೋಡೆ ಕಟ್ಟಿ ಹಲವು ಸ್ವಿಚ್ ಮಾಡಿದ ಹಾಗೆ. ಡೇಟಾದ ಪ್ರತಿ ಪ್ಯಾಕೆಟ್ಟಿಗೂ ಯಾವ ಕೋಣೆಯದು ಅಂತ ಒಂದು ಸಂಖ್ಯೆ ಅಂಟಿಸುತ್ತಾರೆ. ನಾನು 10 ಅನ್ನು ಲೆಕ್ಕ ಮತ್ತು ಬಿಲ್ಲಿಂಗಿಗೆ ಕೊಟ್ಟೆ. 20 ತೂಕ. 30 ಕ್ಯಾಮೆರಾ, ಹಾಜರಿ ಯಂತ್ರ, ಟಿವಿ. 40 ರೈತರ ಮತ್ತು ಸಿಬ್ಬಂದಿಯ ಫೋನು. 99 ಸ್ವಿಚ್ಚು, ಫೈರ್‌ವಾಲುಗಳನ್ನು ಸೆಟ್ ಮಾಡಲು ನನಗೆ. ಐಪಿ ವಿಳಾಸದ ಮೂರನೇ ಸಂಖ್ಯೆಯೂ ಅದೇ, 192.168.20 ಕಂಡರೆ ತೂಕದ ಕೋಣೆ. ಹೀಗೆ ಇಟ್ಟುಕೊಂಡರೆ ಲಾಗ್ ಓದುವಾಗ ತಲೆ ಕೆಡುವುದಿಲ್ಲ.

ಮೂರನೇ ಶನಿವಾರ ಸಂಜೆ ತಪ್ಪು ಮಾಡಿದೆ. ಸ್ವಿಚ್ಚಿನ ಪೋರ್ಟುಗಳನ್ನು ಒಂದೊಂದಾಗಿ ಬದಲಿಸುತ್ತಾ ನನ್ನ ಲ್ಯಾಪ್‌ಟಾಪ್ ಇದ್ದ ಪೋರ್ಟನ್ನೂ 10ಕ್ಕೆ ಸೇರಿಸಿಬಿಟ್ಟೆ. ಸೇವ್ ಒತ್ತಿದ ಕೂಡಲೇ ಸ್ವಿಚ್ಚಿನ ಪುಟ ಹೋಯಿತು. ನಾನೇ ಹೊರಗೆ. ರೀಸೆಟ್ ಗುಂಡಿ ಒತ್ತಿ, ಎರಡು ತಾಸಿನ ಕೆಲಸ ಮತ್ತೆ ಮೊದಲಿಂದ. ಈಗ 16ನೇ ಪೋರ್ಟನ್ನು 99ಕ್ಕೆ ಮೀಸಲಿಟ್ಟು, ಮೇಲೆ ಕೆಂಪು ಟೇಪ್ ಸುತ್ತಿದ್ದೇನೆ. ಪ್ರತಿ ಹಂತದಲ್ಲೂ ಸೆಟ್ಟಿಂಗಿನ ಫೈಲು ಇಳಿಸಿಕೊಳ್ಳುತ್ತೇನೆ.

ಇನ್ನೊಂದು ಬಹಳ ಜನ ಎಡವುವ ಜಾಗ ಹೇಳುತ್ತೇನೆ. ತೂಕದ ಕಂಪ್ಯೂಟರಿನ ಪೋರ್ಟನ್ನು 20ಕ್ಕೆ ಸೇರಿಸಿದೆ. ಆದರೂ ಅದಕ್ಕೆ 169.254ರಿಂದ ಶುರುವಾಗುವ ವಿಳಾಸ ಬಂತು. ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಸಿಗದಿದ್ದಾಗ ವಿಂಡೋಸ್ ತಾನೇ ಹಾಕಿಕೊಳ್ಳುವ ವಿಳಾಸ ಅದು. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ. ಆಗಲಿಲ್ಲ. ಕೊನೆಗೆ ನೋಡಿದರೆ ಪಿವಿಐಡಿ ಇನ್ನೂ 1ರಲ್ಲೇ ಇತ್ತು. ಈ ಬಗೆಯ ಸ್ವಿಚ್ಚುಗಳಲ್ಲಿ ಎರಡು ಬೇರೆ ಬೇರೆ ಜಾಗದಲ್ಲಿ ಹೇಳಬೇಕು. ಪೋರ್ಟಿನಿಂದ ಹೊರಗೆ ಹೋಗುವುದು ಯಾವ ಕೋಣೆಯದು ಅಂತ ಒಂದು ಕಡೆ, ಒಳಗೆ ಬರುವ ಗುರುತಿಲ್ಲದ ಪ್ಯಾಕೆಟ್ಟಿಗೆ ಯಾವ ಕೋಣೆ ಅಂತ ಇನ್ನೊಂದು ಕಡೆ. ಎರಡನೆಯದೇ ಪಿವಿಐಡಿ. ಅದನ್ನು 20 ಮಾಡಿದ ತಕ್ಷಣ 192.168.20.5 ಬಂತು.

ಫೈರ್‌ವಾಲ್ ನಿಯಮ ಬರೆಯುವುದು ಸುಲಭವೇ ಆಯಿತು, ಹಾಳೆ ಇತ್ತಲ್ಲ. ಒಪಿಎನ್‌ಸೆನ್ಸಿನಲ್ಲಿ ಹೊಸ ಕೋಣೆ ಸೇರಿಸಿದರೆ ಅದಕ್ಕೆ ಯಾವ ದಾರಿಯೂ ಇರುವುದಿಲ್ಲ, ನಾವೇ ಒಂದೊಂದಾಗಿ ತೆರೆಯಬೇಕು. ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋಗುತ್ತದೆ, ಮೊದಲು ಹೊಂದುವ ನಿಯಮವೇ ಗೆಲ್ಲುತ್ತದೆ. ಫೋನುಗಳ 40ರಿಂದ ಒಳಗಿನ ಯಾವ ವಿಳಾಸಕ್ಕೂ ಹೋಗಬಾರದು, ಇಂಟರ್ನೆಟ್ಟಿಗೆ ಮಾತ್ರ ಹೋಗಬಹುದು. ಕ್ಯಾಮೆರಾಗಳಿಗೆ ಇಂಟರ್ನೆಟ್ಟೂ ಇಲ್ಲ.

ತೂಕದ ಕೋಣೆ

ಇದು ಈ ಇಡೀ ಕೆಲಸದಲ್ಲಿ ಕಷ್ಟದ ಜಾಗ. ಎಲೆಕ್ಟ್ರಾನಿಕ್ ತಕ್ಕಡಿಯಿಂದ ಒಂದು ಸೀರಿಯಲ್ ಕೇಬಲ್ ಕಂಪ್ಯೂಟರಿಗೆ ಬರುತ್ತದೆ. ಚೀಲ ಇಟ್ಟು, ಅಂಕಿ ನಿಂತ ಮೇಲೆ ಹುಡುಗ ಗುಂಡಿ ಒತ್ತುತ್ತಾನೆ. ತೂಕ ಒಂದು ಟೆಕ್ಸ್ಟ್ ಫೈಲಿಗೆ ಬೀಳುತ್ತದೆ. ಬಿಲ್ಲಿಂಗಿನವರು ಆ ಫೈಲನ್ನು ನೆಟ್‌ವರ್ಕಿನಲ್ಲಿ ಓದುತ್ತಾರೆ. ಕಂಪ್ಯೂಟರ್ ವಿಂಡೋಸ್ 7. ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ಕ್ಕೆ. ತೂಕದ ಸಾಫ್ಟ್‌ವೇರ್ ಬರೆದವರು ಈಗ ಆ ಕೆಲಸದಲ್ಲಿಲ್ಲ. ಹೊಸ ವಿಂಡೋಸಿನಲ್ಲಿ ಅದು ಓಡಲಿಲ್ಲ, ಬೇರೊಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ.

2017ರ ಮೇ 12ರಂದು ವಾನಾಕ್ರೈ ಅನ್ನುವ ಇಂಥದ್ದೇ ಬೀಗ ಹಾಕುವ ಮಾಲ್‌ವೇರ್ ಹರಡಿದಾಗ ಅತಿ ಹೆಚ್ಚು ಪೆಟ್ಟು ತಿಂದದ್ದು ವಿಂಡೋಸ್ 7. ಫೈಲು ಹಂಚಿಕೊಳ್ಳುವ ಎಸ್‌ಎಂಬಿ ಮೊದಲ ಆವೃತ್ತಿಯಲ್ಲಿದ್ದ ತೂತು ಅದು. ಅದಕ್ಕೆ ಮದ್ದು ಆ ವರ್ಷದ ಮಾರ್ಚಿನಲ್ಲೇ ಬಂದಿತ್ತು. ಎರಡು ತಿಂಗಳಾದರೂ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಮಂಡಿಯ ಕಂಪ್ಯೂಟರಿನಲ್ಲಿ ಆ ಮದ್ದು ಇದೆಯಾ ಅಂತ ಮೊದಲು ನೋಡಿದೆ. ಇರಲಿಲ್ಲ. ಹಾಕಿದೆ. ಎಸ್‌ಎಂಬಿ ಮೊದಲ ಆವೃತ್ತಿಯನ್ನು ರಿಜಿಸ್ಟ್ರಿಯಲ್ಲಿ ನಿಲ್ಲಿಸಿದೆ. ವಿಂಡೋಸ್ 7ಕ್ಕೆ ಎರಡನೇ ಆವೃತ್ತಿ ಬರುತ್ತದೆ, ಹಾಗಾಗಿ ಫೈಲು ಓದಲು ತೊಂದರೆ ಆಗಲಿಲ್ಲ.

ಆಮೇಲೆ ದಿಕ್ಕು ಯೋಚಿಸಿದೆ. ಮೊದಲು ಎಲ್ಲಾ ಬಿಲ್ಲಿಂಗ್ ಕಂಪ್ಯೂಟರುಗಳೂ ಆ ಹಳೆ ಯಂತ್ರವನ್ನು ಮುಟ್ಟುತ್ತಿದ್ದವು. ಈಗ ಟ್ಯಾಲಿ ಕಂಪ್ಯೂಟರ್ ಒಂದೇ, ಫೈಲು ಹಂಚುವ 445 ಪೋರ್ಟಿನಲ್ಲಿ ಮಾತ್ರ, ಅರ್ಧ ನಿಮಿಷಕ್ಕೊಮ್ಮೆ ಹೋಗಿ ಆ ಫೈಲನ್ನು ಎಳೆದುಕೊಳ್ಳುತ್ತದೆ. ಅದಕ್ಕೆ ಕೊಟ್ಟ ಖಾತೆಗೆ ಓದುವ ಹಕ್ಕು ಮಾತ್ರ. ಬಿಲ್ಲಿಂಗಿನವರು ಟ್ಯಾಲಿ ಕಂಪ್ಯೂಟರಿನಿಂದ ಓದುತ್ತಾರೆ. ತೂಕದ ಕಂಪ್ಯೂಟರ್ ತಾನಾಗಿ ಉಳಿದ ಕಂಪ್ಯೂಟರುಗಳಲ್ಲಿ ಯಾವುದನ್ನೂ ಮಾತಾಡಿಸುವಂತಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಬಹುದು, ಅಷ್ಟೇ. ಫೈರ್‌ವಾಲ್ ಯಾರು ಮಾತು ಶುರುಮಾಡಿದರು ಅಂತ ನೆನಪಿಟ್ಟುಕೊಳ್ಳುವುದರಿಂದ ಇದು ಸಾಧ್ಯ.

ಅದಕ್ಕೆ ಒಂದು ಹೊರದಾರಿ ಕೊಡಲೇಬೇಕಾಯಿತು, ಗಡಿಯಾರ. ಎರಡು ವಾರದಲ್ಲಿ ಅದರ ಸಮಯ ನಾಲ್ಕು ನಿಮಿಷ ಹಿಂದೆ ಬಿದ್ದಿತ್ತು. ತೂಕದ ಚೀಟಿ ಮೇಲೆ ಸಮಯ ಬರುತ್ತದೆ, ಅದು ತಪ್ಪಾದರೆ ರೈತರಿಗೆ ಅನುಮಾನ ಸಹಜ. ಫೈರ್‌ವಾಲನ್ನೇ ಸಮಯದ ಸರ್ವರ್ ಮಾಡಿ, 123 ಪೋರ್ಟ್ ಅದರವರೆಗೆ ಮಾತ್ರ ಬಿಟ್ಟೆ. ಫೈರ್‌ವಾಲ್ ಕೇಂದ್ರ ಸರ್ಕಾರದ ಎನ್‌ಐಸಿಯ ಸರ್ವರಿನಿಂದ ಸಮಯ ತರುತ್ತದೆ. ಸರ್ಟ್-ಇನ್ ನಿರ್ದೇಶನ ಹೇಳುವುದೂ ಅದನ್ನೇ, ಎನ್‌ಐಸಿ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ (ಎನ್‌ಪಿಎಲ್) ಗಡಿಯಾರ. ಕ್ಯಾಮೆರಾ ರೆಕಾರ್ಡರಿನ ಗಡಿಯಾರ ಹನ್ನೊಂದು ನಿಮಿಷ ಮುಂದಿತ್ತು. ನಾಳೆ ಪೊಲೀಸರಿಗೆ ದೃಶ್ಯ ಕೊಡಬೇಕಾದರೆ ಹನ್ನೊಂದು ನಿಮಿಷ ಸಣ್ಣದಲ್ಲ.

ಇದು ಪೂರ್ತಿ ಸುರಕ್ಷಿತ ಅಂತ ನಾನು ಮಾಲೀಕರಿಗೆ ಹೇಳಲಿಲ್ಲ. ಟ್ಯಾಲಿ ಕಂಪ್ಯೂಟರೇ ಹಾಳಾದರೆ ಆ ಒಂದು ಕಿಂಡಿಯಿಂದ ಹಳೆ ಯಂತ್ರಕ್ಕೂ ಹೋಗಬಹುದು. ಅದನ್ನು ಹಾಳೆಯಲ್ಲಿ 'ಉಳಿದ ಅಪಾಯ' ಅಂತ ಬರೆದು, ಅವರ ಸಹಿ ಹಾಕಿಸಿದೆ. ಜೊತೆಗೆ ಒಂದು ಹಳೆಯ ಕೈ ತಕ್ಕಡಿಗೆ ಮುದ್ರೆ ಹಾಕಿಸಿ ಕೋಣೆಯಲ್ಲೇ ಇಟ್ಟಿದ್ದಾರೆ. ಕಂಪ್ಯೂಟರ್ ನಿಂತರೂ ತೂಕ ನಿಲ್ಲಬಾರದು ಅಂತ.

ಕಚೇರಿಯಿಂದ ತೂಕದ ಕೋಣೆಗೆ ಎಪ್ಪತ್ತು ಮೀಟರ್ ತಾಮ್ರದ ಕೇಬಲ್ ತೆರೆದ ಅಂಗಳದಲ್ಲಿ ಹೋಗಿತ್ತು. ಮಲೆನಾಡಿನ ಏಪ್ರಿಲ್, ಮೇ ಗುಡುಗು ಮಿಂಚು ಗೊತ್ತಲ್ಲ. ಹಿಂದಿನ ವರ್ಷ ಎರಡು ಸ್ವಿಚ್ ಸುಟ್ಟಿದ್ದವು. ಆ ಕೇಬಲ್ ತೆಗೆದು ಫೈಬರ್ ಹಾಕಿದೆ. ಗಾಜಿನ ಎಳೆಯಲ್ಲಿ ಮಿಂಚಿನ ಕರೆಂಟು ಹರಿಯುವುದಿಲ್ಲ. ತೂಕವನ್ನು ಕಳ್ಳ ನಿಲ್ಲಿಸಿದರೂ ಸಿಡಿಲು ನಿಲ್ಲಿಸಿದರೂ ಅಂಗಳದ ಗಾಡಿಗೆ ಎರಡೂ ಒಂದೇ. ಹಾಗಾಗಿ ಇದೂ ಭದ್ರತೆಯ ಲೆಕ್ಕಕ್ಕೇ ಬಂತು.

ಐದನೇ ಶನಿವಾರ: ಮನೆಯಿಂದ ಒಳಗೆ ಬರುವ ದಾರಿ

3389 ಮುಚ್ಚಿದ ಮೇಲೆ ಲೆಕ್ಕದವರಿಗೆ ಬೇರೆ ದಾರಿ ಬೇಕಿತ್ತು. ವೈರ್‌ಗಾರ್ಡ್ ಹಾಕಿದೆ. 2020ರಲ್ಲಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ 5.6ರ ಜೊತೆ ಅದರ ತಿರುಳಿನೊಳಗೇ (ಕರ್ನಲ್) ಬಂದ ವಿಪಿಎನ್, ಅಂದರೆ ಇಂಟರ್ನೆಟ್ಟಿನ ಮೂಲಕ ಕಚೇರಿಯೊಳಗೆ ಬರುವ ಗುಪ್ತ ದಾರಿ. ಪಾಸ್‌ವರ್ಡ್ ಬದಲು ಕೀಲಿ ಜೋಡಿ ಇರುತ್ತದೆ. ಒಂದು ಅವರ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ, ಇನ್ನೊಂದನ್ನು ಫೈರ್‌ವಾಲಿಗೆ ಹೇಳಿರುತ್ತೇವೆ. ನನಗೆ ಬಹಳ ಹಿಡಿಸಿದ ಗುಣ ಬೇರೆ. ಪರಿಚಯದ ಕೀಲಿ ಇಲ್ಲದೆ ಯಾರೇ ಬಾಗಿಲು ಬಡಿದರೂ ಅದು ಉತ್ತರವನ್ನೇ ಕೊಡುವುದಿಲ್ಲ. ಹೊರಗಿನಿಂದ ಸ್ಕ್ಯಾನ್ ಮಾಡಿದರೆ ಅಲ್ಲಿ ಬಾಗಿಲಿದೆ ಅಂತಲೇ ತಿಳಿಯುವುದಿಲ್ಲ.

ಲೆಕ್ಕದವರ ಕೀಲಿಗೆ ಟ್ಯಾಲಿ ಕಂಪ್ಯೂಟರ್ ಒಂದೇ ಕಾಣುತ್ತದೆ. ಮಾಲೀಕರ ಫೋನಿನ ಕೀಲಿಗೆ ಕ್ಯಾಮೆರಾ ರೆಕಾರ್ಡರ್ ಒಂದೇ. ಮೊದಲ ರಾತ್ರಿ ಮಾಲೀಕರು ಒಂಬತ್ತೂವರೆಗೆ ಫೋನ್ ಮಾಡಿ, ಒಂದು ಗುಂಡಿ ಜಾಸ್ತಿ ಒತ್ತಬೇಕು ಅಂದರು. ಹೌದು, ಒತ್ತಬೇಕು ಅಂದೆ. ಆಯ್ತು ಅಂತ ಇಟ್ಟರು.

ಬಳಕೆದಾರರ ಖಾತೆಗಳ ಕೆಲಸವೂ ಅವತ್ತೇ ಆಯಿತು. ಎಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿದ್ದರು, ಎಲ್ಲಾ ಕಂಪ್ಯೂಟರಿಗೂ ಒಂದೇ ಪಾಸ್‌ವರ್ಡ್. ಈಗ ದಿನದ ಕೆಲಸಕ್ಕೆ ಸಾಮಾನ್ಯ ಖಾತೆ. ಅಡ್ಮಿನ್ ಪಾಸ್‌ವರ್ಡ್‌ಗಳು ಒಂದು ಲಕೋಟೆಯಲ್ಲಿ, ತಿಜೋರಿಯಲ್ಲಿ.

ಆರನೇ ಶನಿವಾರ: ಬ್ಯಾಕಪ್, ಮತ್ತೆ ತೆರೆದು ನೋಡುವುದು

ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ, ಅದಕ್ಕೆ ರೆಸ್ಟಿಕ್ ಅನ್ನುವ ಬ್ಯಾಕಪ್ ಸಾಧನ ಹಾಕಿದೆ. ಇಲ್ಲೂ ದಿಕ್ಕೇ ಮುಖ್ಯ. ಟ್ಯಾಲಿ ಕಂಪ್ಯೂಟರ್ ಬ್ಯಾಕಪ್ ಪೆಟ್ಟಿಗೆಗೆ ಬರೆಯುವುದಿಲ್ಲ. ಪೆಟ್ಟಿಗೆಯೇ ರಾತ್ರಿ ಹೋಗಿ, ಓದಲು ಮಾತ್ರ ಹಕ್ಕಿರುವ ಖಾತೆಯಿಂದ ಎಳೆದುಕೊಂಡು ಬರುತ್ತದೆ. ಟ್ಯಾಲಿ ಕಂಪ್ಯೂಟರಿಗೆ ಆ ಪೆಟ್ಟಿಗೆ ಒಂದು ಡ್ರೈವ್ ಆಗಿ ಕಾಣುವುದೇ ಇಲ್ಲ. ಕಾಣದ್ದಕ್ಕೆ ಬೀಗ ಹಾಕಲು ಆಗುವುದಿಲ್ಲ. ಹಳೆಯ ಪ್ರತಿಗಳೂ ದಿನ ದಿನದ ಹಾಗೆ ಉಳಿಯುತ್ತವೆ. ಜೊತೆಗೆ ಎರಡು ಯುಎಸ್‌ಬಿ ಡಿಸ್ಕ್, ಒಂದು ತಿಜೋರಿಯಲ್ಲಿ, ಇನ್ನೊಂದು ಮಾಲೀಕರ ಮನೆಯಲ್ಲಿ. ಪ್ರತಿ ಶನಿವಾರ ಅದಲು ಬದಲು. ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಊರಾಚೆ ಅನ್ನುತ್ತಾರಲ್ಲ, ಅದೇ ಲೆಕ್ಕ. ಮನೆ ಊರಾಚೆ ಅಲ್ಲದಿದ್ದರೂ ಎರಡು ಕಿಲೋಮೀಟರ್ ದೂರ.

ಆಮೇಲೆ ವಾಪಸ್ ತೆರೆಯುವ ಪರೀಕ್ಷೆ. ಖಾಲಿ ಕಂಪ್ಯೂಟರಿಗೆ ಟ್ಯಾಲಿ ಹಾಕಿ, ಬ್ಯಾಕಪ್ ಇಳಿಸಿದೆ. 41 ನಿಮಿಷ ಹಿಡಿಯಿತು. ಮಂಡಿಯ ಲೆಕ್ಕ ತೆರೆದುಕೊಂಡಿತು. ನನಗೆ ಖುಷಿ. ಬಿಲ್ಲಿಂಗ್ ಅಕ್ಕ ಮಾತ್ರ ಸುಮ್ನೆ ಕೂರಲಿಲ್ಲ. ನಿನ್ನೆಯ ದಿನದ ಮೊತ್ತವನ್ನು ತಮ್ಮ ಕಾಗದದ ಪುಸ್ತಕದ ಜೊತೆ ಹಿಡಿದು ನೋಡಿದರು. "ಇದು ಸರಿ ಇಲ್ಲ. ಕೊನೆಯ ಆರು ಪಟ್ಟಿ ಇಲ್ಲ" ಅಂದರು.

ಹುಡುಕಿದಾಗ ಕಾರಣ ಸಿಕ್ಕಿತು. ಬ್ಯಾಕಪ್ ರಾತ್ರಿ ಎಂಟಕ್ಕೆ ಇಟ್ಟಿದ್ದೆ. ಹಿಂದಿನ ದಿನ ಅವರು ಎಂಟೂಕಾಲರವರೆಗೆ ಪಟ್ಟಿ ಹಾಕುತ್ತಿದ್ದರು. ಅವರು ಪುಸ್ತಕ ಹಿಡಿದು ನೋಡದಿದ್ದರೆ ಇದು ಗೊತ್ತಾಗುತ್ತಿದ್ದದ್ದು ಮುಂದಿನ ಸಲ ಬೀಗ ಬಿದ್ದಾಗಲೇ. ಬ್ಯಾಕಪ್ಪನ್ನು ಹತ್ತೂವರೆಗೆ ಸರಿಸಿದೆ. ಕೊನೆಗೆ ಹೋಗುವವರು ಎಲ್ಲಾ ಕಂಪ್ಯೂಟರಿನಲ್ಲೂ ಟ್ಯಾಲಿ ಮುಚ್ಚಬೇಕು ಅಂತ ಬಾಗಿಲ ಪಕ್ಕ ಬರೆದು ಅಂಟಿಸಿದೆವು. ಮನೆಯಿಂದ ಕೆಲಸ ಮಾಡುವ ರಾತ್ರಿಗಳಿಗೆ ನಸುಕಿನ ಐದಕ್ಕೆ ಇನ್ನೊಂದು ಬ್ಯಾಕಪ್. ಮರುದಿನ ಮತ್ತೆ ಇಳಿಸಿದೆವು. ಪೈಸೆ ಪೈಸೆ ಸರಿ ಬಂತು.

ಅದೇ ಪೆಟ್ಟಿಗೆಗೆ ಫೈರ್‌ವಾಲಿನ ಲಾಗೂ ಬಂದು ಬೀಳುತ್ತದೆ, 180 ದಿನ ಉಳಿಯುತ್ತದೆ. ಮೊದಲ ವಾರದ ಲಾಗನ್ನು ಮಾಲೀಕರಿಗೆ ತೋರಿಸಿದೆ. ಜಗತ್ತಿನ ಎಲ್ಲೆಲ್ಲಿಂದಲೋ 23, 445, 3389 ಪೋರ್ಟುಗಳಿಗೆ ಬಡಿದು ವಾಪಸ್ ಹೋದ ಸಾಲುಗಳು, ಉರುಳಿಸಿದಷ್ಟೂ ಮುಗಿಯುತ್ತಿರಲಿಲ್ಲ. "ನಮ್ಮ ಮಂಡಿ ಇವರಿಗೆ ಹೇಗೆ ಗೊತ್ತು?" ಅಂತ ಕೇಳಿದರು. ಗೊತ್ತಿಲ್ಲ, ಇಡೀ ಇಂಟರ್ನೆಟ್ಟಿನ ಬಾಗಿಲುಗಳನ್ನು ಸಾಲಾಗಿ ತಟ್ಟುತ್ತಾ ಹೋಗುವ ಯಂತ್ರಗಳು ಇವು ಅಂದೆ.

ಕೊನೆಗೆ ಒಂದು ಪುಟದ ಕನ್ನಡ ಚೀಟಿ, ಪ್ರತಿ ಕಂಪ್ಯೂಟರಿನ ಪಕ್ಕ. ವಿಚಿತ್ರ ಏನಾದರೂ ಕಂಡರೆ ನೀಲಿ ಕೇಬಲ್ ಕಿತ್ತು ಬಿಡಿ. ಆಫ್ ಮಾಡಬೇಡಿ. ಪರದೆಯ ಫೋಟೊ ತೆಗೆಯಿರಿ. ಸಮಯ ಬರೆದುಕೊಳ್ಳಿ. ಈ ಎರಡು ನಂಬರಿಗೆ ಫೋನ್ ಮಾಡಿ. ನೀಲಿ ಕೇಬಲ್ ಯಾವುದು ಅಂತ ಗೊಂದಲ ಆಗಬಾರದು ಅಂತ ನೆಟ್‌ವರ್ಕಿನ ಎಲ್ಲಾ ತುಂಡುಗಳನ್ನೂ ನೀಲಿಗೆ ಬದಲಿಸಿದೆ. ತೂಕದ ಹುಡುಗನ ಕೈಯಿಂದ ಒಮ್ಮೆ ಕೀಳಿಸಿಯೂ ನೋಡಿದೆ.

ಈಗ ಮೂರು ತಿಂಗಳಾಯಿತು. ತಿಂಗಳಿಗೊಮ್ಮೆ ಬ್ಯಾಕಪ್ ತೆರೆದು ನೋಡುವುದು ಅಂತ ಹಾಳೆಯಲ್ಲಿ ಬರೆದಿತ್ತು, ಪಕ್ಕದಲ್ಲಿ ನನ್ನ ಹೆಸರು. ಕಳೆದ ಶನಿವಾರ ಮಳೆಗೆ ಬಸ್ಸು ತಡವಾಗಿ ನಾನು ತಲುಪಿದಾಗ ನಾಲ್ಕು ಗಂಟೆ. ಬಿಲ್ಲಿಂಗ್ ಅಕ್ಕ ಆಗಲೇ ಖಾಲಿ ಕಂಪ್ಯೂಟರಿನ ಮುಂದೆ ಕೂತು ಡೇಟಾ ಇಳಿಸಿ, ಮೊತ್ತ ನೋಡುತ್ತಿದ್ದರು. ತೊಡೆಯ ಮೇಲೆ ಪುಸ್ತಕ, ಬೆರಳು ಸಾಲಿನ ಮೇಲೆ. "ಇಪ್ಪತ್ತಾರು ನಿಮಿಷ ಆಯ್ತು. ಎಲ್ಲ ಇದೆ" ಅಂದರು. ಗೋಡೆಯ ಹಾಳೆಯಲ್ಲಿ ನನ್ನ ಹೆಸರು ಹೊಡೆದು ಅವರ ಹೆಸರು ಬರೆದೆ.